ಕ್ಯಾಟಲಿಸ್ಟ್ 9300 ಸ್ಟ್ಯಾಕ್, 16.12ರಿಂದ 17.12ಕ್ಕೆ: ಬಂಡಲ್ ಮೋಡ್‌ನಲ್ಲಿರುವಾಗ ಅಪ್‌ಗ್ರೇಡ್ ಹೇಗೆ?

ಟ್ರಂಕ್‌ಪೋರ್ಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆ ಕಟ್ಟಡವೊಂದರಲ್ಲಿ ಮೂರು ಸಿಸ್ಕೋ ಕ್ಯಾಟಲಿಸ್ಟ್ 9300-48ಯು ಸ್ವಿಚ್‌ಗಳು ಒಂದೇ ಸ್ಟ್ಯಾಕ್‌ನಲ್ಲಿವೆ (ಕೇಬಲ್‌ನಿಂದ ಜೋಡಿಸಿ ಒಂದೇ ಸ್ವಿಚ್‌ನಂತೆ ಓಡಿಸುವ ಗುಂಪು). ಓಡುತ್ತಿರುವ ಸಾಫ್ಟ್‌ವೇರ್ ಐಒಎಸ್ ಎಕ್ಸ್‌ಇ 16.12.4. ಕೋರ್‌ಗೆ ಹೋಗುವ ಎರಡು 10ಜಿ ಅಪ್‌ಲಿಂಕ್ ಒಂದು ಪೋರ್ಟ್ ಚಾನೆಲ್‌ನಲ್ಲಿವೆ (ಎರಡನ್ನೂ ಕೂಡಿಸಿದ ಒಂದೇ ಲಿಂಕ್), ಒಂದು ಮೊದಲನೇ ಸ್ವಿಚ್‌ನಿಂದ, ಇನ್ನೊಂದು ಮೂರನೆಯದರಿಂದ. ನರ್ಸ್ ಸ್ಟೇಷನ್‌ಗಳ ಐಪಿ ಫೋನ್, ವೈಫೈ ಎಪಿ, ಕ್ಯಾಮೆರಾ ಎಲ್ಲಕ್ಕೂ ಪಿಒಇ (ನೆಟ್‌ವರ್ಕ್ ಕೇಬಲ್ ಮೂಲಕವೇ ವಿದ್ಯುತ್) ಇಲ್ಲಿಂದಲೇ.

ಸೆಕ್ಯುರಿಟಿ ಆಡಿಟ್‌ನಲ್ಲಿ ವೆಬ್ ಯುಐನ (ಬ್ರೌಸರ್‌ನಿಂದ ಸ್ವಿಚ್ ನಿರ್ವಹಿಸುವ ಪುಟ) ಭದ್ರತಾ ದೋಷ ಸಿವಿಇ-2023-20198 ಬಗ್ಗೆ ಬರೆದಿದ್ದಾರೆ. 17.12ಕ್ಕೆ ಹೋಗುವ ಯೋಚನೆ. "ಶೋ ವರ್ಷನ್" ಕೊನೆಯ ಪಟ್ಟಿಯಲ್ಲಿ ಮೂರಕ್ಕೂ ಮೋಡ್ "ಬಂಡಲ್" ಅಂತ ಇದೆ, ಅಂದರೆ ಇಡೀ ಬಿನ್ ಫೈಲಿನಿಂದಲೇ ಬೂಟ್ ಆಗುತ್ತಿದೆ. ಸಿಕ್ಕಿರುವ ಸಮಯ ಭಾನುವಾರ ಬೆಳಗಿನ ಜಾವ 4ರಿಂದ 6.

ಕೇಳಬೇಕಾದ್ದು ಮೂರು. ಬಂಡಲ್‌ನಿಂದ ನೇರ 17.12ಕ್ಕೆ ಹೋಗಬಹುದಾ? ಒಂದೊಂದೇ ಸ್ವಿಚ್ ಅಪ್‌ಗ್ರೇಡ್ ಮಾಡಿ ಫೋನ್‌ಗಳನ್ನು ಉಳಿಸಿಕೊಳ್ಳುವ ದಾರಿ ಇದೆಯಾ? ಎಡವಟ್ಟಾದರೆ 6 ಗಂಟೆಯೊಳಗೆ ಹಳೆಯದಕ್ಕೆ ಮರಳುವುದು ಹೇಗೆ?

---

ಕನ್ಸೋಲ್‌ಕೇಬಲ್

ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. ಸ್ಟ್ಯಾಕ್‌ನ ಎಲ್ಲಾ ಸದಸ್ಯರೂ ಒಂದೇ ವರ್ಷನ್‌ನಲ್ಲಿ ಇರಬೇಕು. ಬೇರೆ ವರ್ಷನ್‌ನ ಸ್ವಿಚ್ "ವಿ-ಮಿಸ್‌ಮ್ಯಾಚ್" ಸ್ಥಿತಿಯಲ್ಲಿ ಹೊರಗೇ ನಿಲ್ಲುತ್ತೆ, ಅದರ ಪೋರ್ಟ್‌ಗಳು ಕೆಲಸ ಮಾಡಲ್ಲ. ಐಎಸ್‌ಎಸ್‌ಯು (ಸೇವೆ ನಿಲ್ಲಿಸದೆ ಅಪ್‌ಗ್ರೇಡ್ ಮಾಡೋದು) ಇರೋದು ಎರಡು ಸೂಪರ್‌ವೈಸರ್ ಇರುವ 9400, 9600 ಮತ್ತು ಸ್ಟ್ಯಾಕ್‌ವೈಸ್ ವರ್ಚುವಲ್ ಜೋಡಿಗಳಿಗೆ, 9300 ಸ್ಟ್ಯಾಕ್‌ಗೆ ಅಲ್ಲ. ಹಾಗಾಗಿ ಮೂರೂ ಒಟ್ಟಿಗೇ ರೀಲೋಡ್ ಆಗುತ್ತವೆ. ಎಷ್ಟು ವಾರ್ಡ್‌ಗೆ ಆ ಹೊತ್ತು ಫೋನ್ ಇರಲ್ಲ ಅಂತ ಈಗಲೇ ಪಟ್ಟಿ ಮಾಡಿ, ಡ್ಯೂಟಿ ಸಿಬ್ಬಂದಿಗೆ ಮೊಬೈಲ್ ನಂಬರ್ ಕೊಟ್ಟಿರಿ. ರೀಲೋಡ್‌ಗೆ ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸು. ಆದರೆ 16ರಿಂದ 17ಕ್ಕೆ ಮೊದಲ ಬಾರಿ ಹೋಗುವಾಗ ಬೂಟ್‌ಲೋಡರ್ (ಸ್ವಿಚ್ಚನ್ನು ಏಳಿಸುವ ಮೊದಲ ಪ್ರೋಗ್ರಾಂ) ತಾನಾಗಿಯೇ ಹೊಸದಾಗುತ್ತೆ, ಪಿಒಇ ಕಂಟ್ರೋಲರ್‌ನ ಮೈಕ್ರೋಕೋಡ್ ಕೂಡ ಬದಲಾಗಬಹುದು. ಅದಕ್ಕೆ ಅರ್ಧ ಗಂಟೆ ಹಿಡಿದುಕೊಳ್ಳಿ. ಆ ಹೊತ್ತಲ್ಲಿ ಯಾರೂ ಪವರ್ ಕಾರ್ಡ್ ಮುಟ್ಟಬಾರದು. ಬೂಟ್‌ಲೋಡರ್ ಬರೆಯುವ ಮಧ್ಯೆ ಕರೆಂಟ್ ಹೋದರೆ ಸ್ವಿಚ್ ಏಳದೇ ಹೋಗಬಹುದು. ಆ ಭಾನುವಾರ ನಿಮ್ಮ ಕಡೆ ವಿದ್ಯುತ್ ನಿಲುಗಡೆಯ ಪ್ರಕಟಣೆ ಇದೆಯಾ, ಎರಡೂ ಪವರ್ ಸಪ್ಲೈ ಯುಪಿಎಸ್ ಮೇಲಿವೆಯಾ, ನೋಡಿಕೊಳ್ಳಿ.

ಆಡಿಟ್‌ನವರು ಹೇಳಿದ್ದು ಸರಿ. ಆ ದೋಷ 2023ರ ಅಕ್ಟೋಬರ್‌ನಲ್ಲಿ ಬಯಲಾಯಿತು, ಸಿವಿಎಸ್‌ಎಸ್ (ದೋಷದ ತೀವ್ರತೆಯ) ಅಂಕ 10ಕ್ಕೆ 10. 16.12ರ ಸಾಲಿನಲ್ಲಿ ಬಂದ ಪರಿಹಾರ 16.12.10ಎ, ಅದೂ 3650 ಮತ್ತು 3850ಕ್ಕೆ ಮಾತ್ರ. ಅಂದರೆ 9300 ಇಟ್ಟುಕೊಂಡವರು 17ಕ್ಕೆ ಬರಲೇಬೇಕು. ಭಾನುವಾರದವರೆಗೂ ಕಾಯಬೇಡಿ. "ನೋ ಐಪಿ ಎಚ್‌ಟಿಟಿಪಿ ಸರ್ವರ್", "ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್" ಎರಡನ್ನೂ ಇವತ್ತೇ ಕೊಟ್ಟು ಉಳಿಸಿ. ಗೆಸ್ಟ್ ವೈಫೈನ ವೆಬ್ ಲಾಗಿನ್ ಪುಟ ಈ ಸ್ವಿಚ್‌ನಿಂದಲೇ ಬರುತ್ತಿದ್ದರೆ ಮಾತ್ರ ಮೊದಲು ವಿಚಾರಿಸಿ. "ಶೋ ರನ್"ನಲ್ಲಿ ನಿಮಗೆ ಗುರುತಿಲ್ಲದ ಪ್ರಿವಿಲೆಜ್ 15 (ಪೂರ್ಣ ಅಧಿಕಾರದ) ಬಳಕೆದಾರರು ಇದ್ದಾರಾ ಅಂತಲೂ ನೋಡಿ. ಆ ದಾಳಿಯಲ್ಲಿ ಮೊದಲು ಆಗ್ತಿದ್ದುದೇ ಹೊಸ ಬಳಕೆದಾರನ ಸೃಷ್ಟಿ. ಹಾಗೆ ಯಾರಾದರೂ ಕಂಡರೆ ವಿಷಯ ಅಪ್‌ಗ್ರೇಡ್‌ಗೆ ಮುಗಿಯಲ್ಲ, ನಿಮ್ಮ ಸೆಕ್ಯುರಿಟಿ ತಂಡಕ್ಕೆ ತಕ್ಷಣ ತಿಳಿಸಿ.

17.12 ಆಯ್ಕೆ ಚೆನ್ನಾಗಿದೆ. 17.3, 17.6, 17.9, 17.12, 17.15 ಇವು ದೀರ್ಘ ಬೆಂಬಲದವು, ಬಿಡುಗಡೆಯಿಂದ 36 ತಿಂಗಳು. ನಡುವಿನವಕ್ಕೆ 12 ತಿಂಗಳು ಅಷ್ಟೆ, ಆಸ್ಪತ್ರೆಗೆ ಅವು ಬೇಡ. ಡೌನ್‌ಲೋಡ್ ಪುಟದಲ್ಲಿ ಸರಣಿಗಳಿಗೆ ಊರಿನ ಹೆಸರಿರುತ್ತೆ: 17.4ರಿಂದ 17.6 "ಬೆಂಗಳೂರು", 17.10ರಿಂದ 17.12 "ಡಬ್ಲಿನ್". ನಮ್ಮೂರ ಹೆಸರು ನೋಡಿ ಅದನ್ನೇ ಇಳಿಸಬೇಡಿ, ನಿಮಗೆ ಬೇಕಾದದ್ದು ಡಬ್ಲಿನ್. ಅದರಲ್ಲಿ ನಕ್ಷತ್ರದ ಗುರುತಿರುವ ಬಿಲ್ಡ್ ತಗೊಳ್ಳಿ. ಫೈಲ್ ಹೆಸರು "ಕ್ಯಾಟ್9ಕೆ_ಐಒಎಸ್‌ಎಕ್ಸ್‌ಇ" ಅಂತ ಶುರುವಾಗಬೇಕು. "ಕ್ಯಾಟ್9ಕೆ_ಲೈಟ್" ಅಂತ ಇರೋದು 9200ದು.

ಈಗ ಮೋಡ್ ವಿಷಯ. ಬಂಡಲ್‌ನಲ್ಲಿ ಸ್ವಿಚ್ ಪ್ರತಿ ಬಾರಿಯೂ ಇಡೀ ಬಿನ್ ಫೈಲನ್ನು ಮೆಮೊರಿಯಲ್ಲಿ ಬಿಚ್ಚಿ ಓಡಿಸುತ್ತೆ. ಇನ್‌ಸ್ಟಾಲ್ ಮೋಡ್‌ನಲ್ಲಿ ಅದು ಒಮ್ಮೆ ಪಿಕೆಜಿ ಫೈಲ್‌ಗಳಾಗಿ ಫ್ಲ್ಯಾಶ್‌ನಲ್ಲಿ ಬಿಚ್ಚಿಕೊಂಡಿರುತ್ತೆ, ಯಾವುದನ್ನು ಹತ್ತಿಸಬೇಕು ಅನ್ನೋದನ್ನ "ಪ್ಯಾಕೇಜಸ್ ಡಾಟ್ ಕಾನ್ಫ್" ಹೇಳುತ್ತೆ. ಬಂಡಲ್‌ನಿಂದ ನೇರ ಹೋಗೋದು ಸಾಧ್ಯ. ಆದರೆ ನನ್ನ ಸಲಹೆ ಎರಡು ಹಂತ: ಮೊದಲು ಈಗಿನ 16.12.4ರಲ್ಲೇ ಇನ್‌ಸ್ಟಾಲ್ ಮೋಡ್‌ಗೆ ಬನ್ನಿ, ಆಮೇಲೆ 17.12. ಒಂದು ರೀಲೋಡ್ ಹೆಚ್ಚಾಗುತ್ತೆ, ನಿಜ. ಅದಕ್ಕೆ ಪ್ರತಿಯಾಗಿ ತಾನಾಗಿಯೇ ಹಿಂದಕ್ಕೆ ಮರಳುವ ವ್ಯವಸ್ಥೆ ಸಿಗುತ್ತೆ. ಮರಳೋಕೆ ಒಂದು ಕಮಿಟ್ ಆದ ಇನ್‌ಸ್ಟಾಲ್ ಸ್ಥಿತಿ ಮೊದಲೇ ಇರಬೇಕು, ಬಂಡಲ್‌ನಲ್ಲಿ ಅದು ಇರಲ್ಲ.

ಮೊದಲ ಹಂತ, ಸಾಧ್ಯವಾದರೆ ಹಿಂದಿನ ವಾರವೇ:

"ನೋ ಬೂಟ್ ಸಿಸ್ಟಮ್ ಸ್ವಿಚ್ ಆಲ್"
"ಬೂಟ್ ಸಿಸ್ಟಮ್ ಸ್ವಿಚ್ ಆಲ್ ಫ್ಲ್ಯಾಶ್:ಪ್ಯಾಕೇಜಸ್.ಕಾನ್ಫ್"
"ನೋ ಬೂಟ್ ಮ್ಯಾನುಯಲ್"
"ರೈಟ್ ಮೆಮೊರಿ"

ಇಷ್ಟಾದ ಮೇಲೆ "ಶೋ ಬೂಟ್" ಕೊಟ್ಟು ಮೂರೂ ಸ್ವಿಚ್‌ಗಳ ಸಾಲು ಓದಿ. ಮೂರರಲ್ಲೂ ಪ್ಯಾಕೇಜಸ್ ಡಾಟ್ ಕಾನ್ಫ್ ಇರಬೇಕು, ಮ್ಯಾನುಯಲ್ ಬೂಟ್ "ನೋ" ಇರಬೇಕು. ಅಪ್‌ಗ್ರೇಡ್ ಕೈಕೊಡೋದು ಹೆಚ್ಚಾಗಿ ಇಲ್ಲೇ. ಎರಡು ಸ್ವಿಚ್ ಸರಿ ಇದ್ದು ಮೂರನೆಯದರ ಬೂಟ್ ವೇರಿಯಬಲ್ ಹಳೆಯ ಬಿನ್ ಫೈಲನ್ನೇ ತೋರಿಸುತ್ತಿದ್ದರೆ, ರೀಲೋಡ್ ಆದ ಮೇಲೆ ಅದೊಂದು ಹಳೇ ವರ್ಷನ್‌ನಲ್ಲಿ ಎದ್ದು ಸ್ಟ್ಯಾಕ್‌ನಿಂದ ಹೊರಗೆ ಕೂರುತ್ತೆ. ಪರಿಶೀಲಿಸಿದ ಮೇಲೆ:

"ಇನ್‌ಸ್ಟಾಲ್ ಆಡ್ ಫೈಲ್ ಫ್ಲ್ಯಾಶ್:(16.12.4ರ ಬಿನ್) ಆಕ್ಟಿವೇಟ್ ಕಮಿಟ್"

ಅದು ಉಳಿದ ಇಬ್ಬರು ಸದಸ್ಯರಿಗೂ ಫೈಲ್ ಹಂಚಿ, ಬಿಚ್ಚಿ, ರೀಲೋಡ್ ಮಾಡುತ್ತೆ. ಎದ್ದ ಮೇಲೆ ಮೋಡ್ "ಇನ್‌ಸ್ಟಾಲ್" ಆಗಿರಬೇಕು.

ಎರಡನೇ ಹಂತದಲ್ಲಿ ಮೂರೂ ಕೆಲಸವನ್ನು ಒಂದೇ ಸಾಲಿನಲ್ಲಿ ಕೊಡಬೇಡಿ, ಬಿಡಿಸಿ ಕೊಡಿ. "ಇನ್‌ಸ್ಟಾಲ್ ಆಡ್" ಅನ್ನು ಶನಿವಾರ ಹಗಲಲ್ಲೇ ಮಾಡಬಹುದು, ಅದಕ್ಕೆ ರೀಲೋಡ್ ಬೇಕಿಲ್ಲ, ಟ್ರಾಫಿಕ್‌ಗೂ ತೊಂದರೆ ಇಲ್ಲ. "ಶೋ ಇನ್‌ಸ್ಟಾಲ್ ಸಮ್ಮರಿ"ಯಲ್ಲಿ 17.12ರ ಮುಂದೆ "ಐ" ಕಾಣಬೇಕು, ಅಂದರೆ ಬಿಚ್ಚಿದೆ, ಇನ್ನೂ ಚಾಲೂ ಆಗಿಲ್ಲ. ಭಾನುವಾರ 4 ಗಂಟೆಗೆ:

"ಇನ್‌ಸ್ಟಾಲ್ ಆಕ್ಟಿವೇಟ್ ಆಟೋ-ಅಬಾರ್ಟ್-ಟೈಮರ್ 60"

ಸ್ಟ್ಯಾಕ್ 17.12ರಲ್ಲಿ ಎದ್ದಾಗ "ಯು" ಕಾಣುತ್ತೆ: ಓಡುತ್ತಿದೆ, ಕಮಿಟ್ ಆಗಿಲ್ಲ. 60 ನಿಮಿಷದೊಳಗೆ ನೀವು "ಇನ್‌ಸ್ಟಾಲ್ ಕಮಿಟ್" ಕೊಡದಿದ್ದರೆ ಅದಾಗಿಯೇ 16.12.4ಕ್ಕೆ ಮರಳುತ್ತೆ. ನೀವು ಹೊರಗೆ ಸಿಕ್ಕಿಹಾಕಿಕೊಂಡು ಎಸ್‌ಎಸ್‌ಎಚ್‌ಗೂ (ದೂರದಿಂದ ಲಾಗಿನ್) ಸಿಗದಂತಾದರೂ ಈ ಟೈಮರ್ ನಿಮ್ಮ ಪರವಾಗಿ ಕೆಲಸ ಮಾಡುತ್ತೆ. ಟೈಮರ್ ಹೇಳದೇ ಬಿಟ್ಟರೆ ಅದು 120 ನಿಮಿಷ. ನಿಮ್ಮ ಎರಡು ಗಂಟೆಗೆ ಅದು ಸರಿಹೋಗಲ್ಲ: ಎಲ್ಲ ಸರಿಯಾಗಿದೆ ಅಂದುಕೊಂಡು ಕಮಿಟ್ ಮರೆತರೆ, ಸರಿಯಾಗಿ 6 ಗಂಟೆಗೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಮೂರೂ ಸ್ವಿಚ್ ಮತ್ತೆ ರೀಲೋಡ್.

---

ಗೋಕುಲರೋಡ್_ನೆಟ್

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಐತ್ರಿ. ಫೈಲ್ ಹಾಕೋದ್ರ ಬಗ್ಗೆ ನಾ ಒಂದಷ್ಟು ಹೇಳ್ತೀನಿ, ಯಾಕಂದ್ರ ಹೊತ್ತು ಹೋಗೋದು ಅಲ್ಲೇ.

17ರ ಇಮೇಜ್ 1 ಜಿಬಿಗಿಂತ ದೊಡ್ಡದು ಇರ್ತೈತಿ. ಟಿಎಫ್‌ಟಿಪಿ ಹಚ್ಚಬ್ಯಾಡ್ರಿ. ಹಚ್ಚಲೇಬೇಕಂದ್ರ "ಐಪಿ ಟಿಎಫ್‌ಟಿಪಿ ಬ್ಲಾಕ್‌ಸೈಜ್ 8192" ಕೊಡ್ರಿ, ಇಲ್ಲಾಂದ್ರ ತಾಸುಗಟ್ಟಲೆ ಕುಂದರಬೇಕಾಗ್ತೈತಿ. ಎಫ್‌ಟಿಪಿ ಇಲ್ಲಾ ಎಚ್‌ಟಿಟಿಪಿಯಿಂದ ಎಳಕೊಳ್ಳೋದು ಛಲೋ. ಎಲ್ಲಾಕ್ಕಿಂತ ಸರಳ ಅಂದ್ರ ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್, ಮುಂದಿನ ಯುಎಸ್‌ಬಿ ಕಿಂಡ್ಯಾಗ ಹಾಕಿ "ಯುಎಸ್‌ಬಿಫ್ಲ್ಯಾಶ್0:"ದಿಂದ ಕಾಪಿ ಮಾಡ್ರಿ. ಆ ಪೆನ್‌ಡ್ರೈವ್‌ನ್ಯಾಗ 16.12.4ರ ಇಮೇಜೂ ಇರ್ಲಿ, 17.12ರದ್ದೂ ಇರ್ಲಿ. ಕೆಲಸ ಮುಗಿಯೋತನಕ ಅದನ್ನ ಕೈಯಾಗ ಇಟ್ಕೋರಿ.

ಮ್ಯಾನೇಜ್‌ಮೆಂಟ್ ಪೋರ್ಟಿನ ಮೂಲಕ ಎಳಕೊಳ್ಳೋರು ಒಂದು ನೆನಪಿಡ್ರಿ: ಗಿಗಾಬಿಟ್ 0/0 ಇರೋದು "ಎಂಜಿಎಂಟಿ-ವಿಆರ್‌ಎಫ್" ಒಳಗ. "ಐಪಿ ಎಫ್‌ಟಿಪಿ ಸೋರ್ಸ್-ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್0/0" ಕೊಡದಿದ್ರ ಸ್ವಿಚ್ ಬ್ಯಾರೆ ರೂಟಿಂಗ್ ಟೇಬಲ್ ನೋಡಿ "ಟೈಮ್‌ಡ್ ಔಟ್" ಅಂತೈತಿ. ಸರ್ವರ್ ಸರಿ ಐತಿ, ಫೈರ್‌ವಾಲ್ ಸರಿ ಐತಿ, ಆದ್ರೂ ಬರವಲ್ದು ಅಂದ್ರ ಇದನ್ನ ನೋಡ್ರಿ.

ಕಾಪಿ ಆದಮ್ಯಾಲೆ "ವೆರಿಫೈ /ಎಂಡಿ5 ಫ್ಲ್ಯಾಶ್:"ದ ಮುಂದ ಫೈಲ್ ಹೆಸರು. ಡೌನ್‌ಲೋಡ್ ಪುಟದಾಗಿನ ಎಂಡಿ5 (ಫೈಲ್ ಕೆಟ್ಟಿಲ್ಲ ಅಂತ ನೋಡೋ ಗುರುತು) ಜೋಡಿ ಪೂರಾ ಹೊಂದಬೇಕು. ಮೊದಲಿನ ನಾಲ್ಕು ಅಕ್ಷರ ನೋಡಿ ಬಿಡಬ್ಯಾಡ್ರಿ, ಕಮ್ಯಾಂಡಿನ ಕೊನಿಗೆ ಆ ಎಂಡಿ5 ಅಂಟಿಸಿದ್ರ ಸ್ವಿಚ್ಚೇ ಹೋಲಿಸಿ ಹೇಳ್ತೈತಿ.

ಜಾಗದ ಬಗ್ಗೆ: 9300 ಫ್ಲ್ಯಾಶ್‌ನ್ಯಾಗ ಬಳಸಾಕ ಸಿಗೋದು ಸುಮಾರು 11 ಜಿಬಿ. "ಡಿಐಆರ್ ಫ್ಲ್ಯಾಶ್-1:", "ಫ್ಲ್ಯಾಶ್-2:", "ಫ್ಲ್ಯಾಶ್-3:" ಅಂತ ಮೂರನ್ನೂ ಬ್ಯಾರೆ ಬ್ಯಾರೆ ನೋಡ್ರಿ, ಒಂದೊಂದ್ರಾಗೂ 3 ಜಿಬಿ ಖಾಲಿ ಇರ್ಲಿ. ಒಬ್ಬ ಸದಸ್ಯನ ಹಂತ್ಯಾಕ ಜಾಗ ಸಾಲದಿದ್ರೂ "ಇನ್‌ಸ್ಟಾಲ್ ಆಡ್" ನಿಂತು ಬಿಡ್ತೈತಿ. ಹಳೇ ಕ್ರ್ಯಾಶ್ ಫೈಲ್, ಕೋರ್ ಫೈಲ್ ಅಲ್ಲೇ ಬಿದ್ದಿರ್ತಾವ, ಅವನ್ನ ಹೊರಗ ಕಾಪಿ ಮಾಡಿ ತಗೀರಿ.

"ಇನ್‌ಸ್ಟಾಲ್ ರಿಮೂವ್ ಇನ್‌ಆಕ್ಟಿವ್" ಮಾಡೋದಿದ್ರ ಹೊಸ ಫೈಲ್ ತರೋಕಿಂತ ಮೊದ್ಲ ಮಾಡ್ರಿ. ತಂದಮ್ಯಾಲೆ ಮಾಡಿದ್ರ ಆ ಹೊಸ ಬಿನ್ನನ್ನೂ "ಬಳಕ್ಯಾಗ ಇಲ್ಲ" ಅಂತ ತಿಳಕೊಂಡು ಅಳಿಸಾಕ ಕೇಳ್ತೈತಿ. ಅದು ತೋರಿಸೋ ಪಟ್ಟಿ ಓದದ "ವೈ" ಒತ್ತಬ್ಯಾಡ್ರಿ. ನೀವು ಇನ್ನೂ ಬಂಡಲ್‌ನ್ಯಾಗ ಅದೀರಿ, ಓಡಾಕತ್ತಿರೋ ಬಿನ್ ಆ ಪಟ್ಟ್ಯಾಗ ಬಂದ್ರ ಅದನ್ನ ಅಳಿಸಾಕ ಬಿಡಲೇಬ್ಯಾಡ್ರಿ.

---

ಲೇಯರ್‌ತ್ರೀ

ಎರಡು ಹಂತದ ಸಲಹೆಯನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಇಡೀ ಸ್ಟ್ಯಾಕ್ ನಿಲ್ಲಿಸಲು ಒಪ್ಪಿಗೆ ಪಡೆಯುವುದೇ ಕಷ್ಟ. ಎರಡನೇ ದಿನ ಸಿಗದಿದ್ದರೆ ಬಂಡಲ್‌ನಿಂದ ನೇರ 17.12ಕ್ಕೆ "ಆಡ್, ಆಕ್ಟಿವೇಟ್, ಕಮಿಟ್" ಕೊಡುವುದೂ ಸರಿಯಾದ ದಾರಿಯೇ. ಹಳೆಯ ಬಿನ್ ಮೂರೂ ಫ್ಲ್ಯಾಶ್‌ನಲ್ಲಿ ಹಾಗೇ ಉಳಿದಿದ್ದರೆ ಮರಳುವ ದಾರಿ ಇದ್ದೇ ಇರುತ್ತದೆ, ಕೈಯಾರೆ ಮಾಡಬೇಕು ಅಷ್ಟೆ. ಎರಡು ಬಾರಿ ನಿಲ್ಲಿಸಲು ಅವಕಾಶವಿದ್ದರೆ ಮಾತ್ರ ಕನ್ಸೋಲ್‌ಕೇಬಲ್ ಅವರು ಹೇಳಿದಂತೆ ಮಾಡಿ.

ವರ್ಷನ್ ಬದಲಾದಾಗ ನಡವಳಿಕೆಯೂ ಬದಲಾಗುವ ಜಾಗಗಳು ಕೆಲವಿವೆ. ಸ್ವಿಚ್ ಚೆನ್ನಾಗಿ ಎದ್ದಿದ್ದರೂ ಜನ "ಅಪ್‌ಗ್ರೇಡ್ ಕೆಟ್ಟಿತು" ಅನ್ನುವುದು ಇವುಗಳಿಂದ.

ಆರ್‌ಎಸ್‌ಎ ಕೀ, ಅಂದರೆ ಎಸ್‌ಎಸ್‌ಎಚ್‌ಗೆ ಸ್ವಿಚ್ ಬಳಸುವ ಕೀ. 17.11ರಿಂದ ಈಚೆಗೆ ದುರ್ಬಲ ಗೂಢಲಿಪಿಗಳಿಗೆ ತಡೆ ಬಿದ್ದಿದೆ, 2048 ಬಿಟ್‌ಗಿಂತ ಚಿಕ್ಕ ಕೀ ಸ್ವೀಕಾರವಾಗುವುದಿಲ್ಲ. ಹಳೆಯ ಸ್ವಿಚ್‌ಗಳಲ್ಲಿ 1024 ಇರುವುದು ಸಾಮಾನ್ಯ. ಅದನ್ನು ಹಾಗೇ ಬಿಟ್ಟರೆ ಪಿಂಗ್ ಬರುತ್ತದೆ, ಫೋನ್ ಕೆಲಸ ಮಾಡುತ್ತದೆ, ಎಸ್‌ಎಸ್‌ಎಚ್ ಮಾತ್ರ ಒಳಗೆ ಬಿಡುವುದಿಲ್ಲ. ಈಗಲೇ "ಶೋ ಕ್ರಿಪ್ಟೋ ಕೀ ಮೈಪಬ್‌ಕೀ ಆರ್‌ಎಸ್‌ಎ" ನೋಡಿ, ಚಿಕ್ಕದಿದ್ದರೆ "ಕ್ರಿಪ್ಟೋ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048" ಕೊಡಿ. "ಕ್ರಿಪ್ಟೋ ಇಂಜಿನ್ ಕಂಪ್ಲಾಯನ್ಸ್ ಶೀಲ್ಡ್ ಡಿಸೇಬಲ್" ಎಂಬ ಕಮ್ಯಾಂಡ್‌ನಿಂದ ಆ ತಡೆಯನ್ನೇ ತೆಗೆಯಬಹುದು, ಆದರೆ ಅದಕ್ಕೆ ಇನ್ನೊಂದು ರೀಲೋಡ್ ಬೇಕು. ಭದ್ರತೆಗಾಗಿ ಅಪ್‌ಗ್ರೇಡ್ ಮಾಡಿ ಅದೇ ತಡೆಯನ್ನು ತೆಗೆಯುವುದರಲ್ಲಿ ಅರ್ಥವೂ ಇಲ್ಲ. ಕೀ ಬದಲಿಸಿದ ಮೇಲೆ ನಿಮ್ಮ ಕಾನ್ಫಿಗ್ ಬ್ಯಾಕಪ್ ಮಾಡುವ ಸರ್ವರ್‌ನ "ನೋನ್ ಹೋಸ್ಟ್ಸ್" ಕೂಡ ಸರಿಪಡಿಸಬೇಕಾಗುತ್ತದೆ.

ಲೈಸೆನ್ಸ್. 17.3.2ರಿಂದ ಸ್ಮಾರ್ಟ್ ಲೈಸೆನ್ಸಿಂಗ್‌ನ ರೀತಿಯೇ ಬೇರೆ, ಪಾಲಿಸಿ ಆಧಾರಿತ. ಮುಂಚಿನ ನೋಂದಣಿ, ಮೌಲ್ಯಮಾಪನದ ಅವಧಿ ಎರಡೂ ಇಲ್ಲ. "ಶೋ ಲೈಸೆನ್ಸ್ ಸಮ್ಮರಿ"ಯಲ್ಲಿ "ಇನ್ ಯೂಸ್" ಎಂದು ಕಂಡರೆ ಗಾಬರಿ ಬೇಡ, ಅದು ಸರಿಯಾದ ಸ್ಥಿತಿ. ಇಂಟರ್ನೆಟ್ ಸಂಪರ್ಕವಿಲ್ಲದ ಸ್ವಿಚ್ ಆದರೆ "ಲೈಸೆನ್ಸ್ ಸ್ಮಾರ್ಟ್ ಸೇವ್ ಯೂಸೇಜ್ ಆಲ್ ಫೈಲ್" ಕೊಟ್ಟು ವರದಿ ಫೈಲ್ ತೆಗೆದು, ಸಿಸ್ಕೋ ಖಾತೆಗೆ ಏರಿಸಿ, ಅಲ್ಲಿಂದ ಬಂದ ಸ್ವೀಕೃತಿಯನ್ನು "ಲೈಸೆನ್ಸ್ ಸ್ಮಾರ್ಟ್ ಇಂಪೋರ್ಟ್" ಮೂಲಕ ಒಳಗೆ ಹಾಕಬೇಕು. ಭಾನುವಾರವೇ ಮಾಡಬೇಕಿಲ್ಲ.

ಪಿಒಇ. ಮುಖ್ಯ ಇಂಟರ್‌ಫೇಸ್‌ಗಳಲ್ಲಿ "ಪವರ್ ಇನ್‌ಲೈನ್ ಪೋರ್ಟ್ ಪರ್ಪೆಚುಯಲ್-ಪಿಒಇ-ಎಚ್‌ಎ" ಹಾಕಿ ಮೊದಲೇ ಉಳಿಸಿದ್ದರೆ, ಸ್ವಿಚ್ ರೀಲೋಡ್ ಆಗುವಾಗಲೂ ಫೋನ್, ಎಪಿಗಳಿಗೆ ವಿದ್ಯುತ್ ಹರಿಯುತ್ತಿರುತ್ತದೆ. ಡೇಟಾ ಇರುವುದಿಲ್ಲ, ಆದರೆ ಅವು ಮೊದಲಿನಿಂದ ಬೂಟ್ ಆಗುವ ಹೊತ್ತು ಉಳಿಯುತ್ತದೆ. ಈ ಬಾರಿ ಪಿಒಇ ಮೈಕ್ರೋಕೋಡ್ ಬದಲಾಗುವುದಿದ್ದರೆ ಆ ಭರವಸೆಯೂ ಇಲ್ಲ. ಆದ್ದರಿಂದ ವಾರ್ಡ್‌ಗಳಿಗೆ ಹೇಳುವಾಗ ಫೋನ್ ಪೂರ್ತಿ ಆರುತ್ತದೆ ಎಂದೇ ಹೇಳಿ.

"ರೀಲೋಡ್‌ಫಾಸ್ಟ್" ಸೇರಿಸಿದರೆ ಟ್ರಾಫಿಕ್ 30 ಸೆಕೆಂಡ್‌ಗಿಂತ ಕಡಿಮೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಬಹುದು. ಆ ಸೌಲಭ್ಯ ಹೊಸ 17ರ ವರ್ಷನ್‌ಗಳ ನಡುವೆ, ಸ್ಟ್ಯಾಕ್ ಕೇಬಲ್ ಪೂರ್ಣ ವೃತ್ತವಾಗಿದ್ದಾಗ, ಸ್ಪ್ಯಾನಿಂಗ್ ಟ್ರೀಯಲ್ಲಿ ಸ್ವಿಚ್ ತುದಿಯಲ್ಲಿದ್ದಾಗ ಸಿಗುವಂಥದ್ದು. 16.12ರಿಂದ ಹೊರಡುವ ನಿಮಗೆ ಈ ಸಲ ಅದು ಲೆಕ್ಕಕ್ಕಿಲ್ಲ.

---

ಟ್ರಂಕ್‌ಪೋರ್ಟ್

ಎಲ್ಲರಿಗೂ ಧನ್ಯವಾದ. ಕೀ 1024 ಬಿಟ್ಟಿನದೇ ಇತ್ತು, ಬದಲಿಸಿದೆ. ವೆಬ್ ಸರ್ವರ್ ಎರಡೂ ನಿಲ್ಲಿಸಿದೆ, ಅಪರಿಚಿತ ಬಳಕೆದಾರರು ಯಾರೂ ಇಲ್ಲ. ಎರಡು ಹಂತಕ್ಕೂ ಒಪ್ಪಿಗೆ ಸಿಕ್ಕಿದೆ.

ಇನ್ನೆರಡು ಪ್ರಶ್ನೆ. ಸ್ವಿಚ್ "ಸ್ವಿಚ್:" ಅನ್ನುವ ಪ್ರಾಂಪ್ಟ್‌ನಲ್ಲೇ ನಿಂತರೆ ಏನು ಮಾಡಲಿ? ಒಂದು ಸದಸ್ಯ ಮಾತ್ರ ವಿ-ಮಿಸ್‌ಮ್ಯಾಚ್ ಆದರೆ?

---

ಕನ್ಸೋಲ್‌ಕೇಬಲ್

ಆ ಪ್ರಾಂಪ್ಟ್ ಅಂದರೆ ನೀವು ರಾಮ್‌ಮಾನ್‌ನಲ್ಲಿ, ಅಂದರೆ ಬೂಟ್‌ಲೋಡರ್‌ನಲ್ಲೇ, ಇದ್ದೀರಿ, ಹಾರ್ಡ್‌ವೇರ್ ಕೆಟ್ಟಿಲ್ಲ. ಮೊದಲು "ಸೆಟ್" ಅಂತ ಕೊಡಿ, ವೇರಿಯಬಲ್‌ಗಳ ಪಟ್ಟಿ ಬರುತ್ತೆ. "ಮ್ಯಾನುಯಲ್_ಬೂಟ್" ಮುಂದೆ "ಯೆಸ್" ಇದ್ದರೆ ಅದು ನಿಮ್ಮ ಆದೇಶಕ್ಕೆ ಕಾಯ್ತಾ ಇದೆ ಅಷ್ಟೆ: "ಬೂಟ್ ಫ್ಲ್ಯಾಶ್:ಪ್ಯಾಕೇಜಸ್.ಕಾನ್ಫ್" ಕೊಡಿ, ಎದ್ದ ಮೇಲೆ "ನೋ ಬೂಟ್ ಮ್ಯಾನುಯಲ್" ಹಾಕಿ ಉಳಿಸಿ. ಪಿಕೆಜಿ ಫೈಲ್ ಸಿಗಲಿಲ್ಲ ಅಂತ ಬಂದರೆ "ಡಿಐಆರ್ ಫ್ಲ್ಯಾಶ್:" ನೋಡಿ, ಅಲ್ಲಿರುವ ಬಿನ್ ಫೈಲಿನ ಹೆಸರು ಕೊಟ್ಟು ಬೂಟ್ ಮಾಡಿ. ಅದೂ ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದ, "ಬೂಟ್ ಯುಎಸ್‌ಬಿಫ್ಲ್ಯಾಶ್0:" ಮುಂದೆ ಫೈಲ್ ಹೆಸರು. ಹಾಗೆ ಎದ್ದಾಗ ಅದು ಬಂಡಲ್‌ನಲ್ಲಿರುತ್ತೆ. ಇಮೇಜನ್ನು ಫ್ಲ್ಯಾಶ್‌ಗೆ ಕಾಪಿ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಸ್ವಿಚ್ ಎದ್ದು "ಆರಂಭಿಕ ಕಾನ್ಫಿಗರೇಷನ್ ಮಾಡಬೇಕೇ" ಅಂತ ಕೇಳಿದರೆ ಕಾನ್ಫಿಗ್ ಅಳಿಸಿಹೋಯ್ತು ಅಂತ ತಿಳಿಯಬೇಡಿ, "ನೋ" ಅನ್ನಿ. ಹಿಂದೆ ಯಾರೋ ಪಾಸ್‌ವರ್ಡ್ ರಿಕವರಿ ಮಾಡಿ "ಸ್ವಿಚ್_ಇಗ್ನೋರ್_ಸ್ಟಾರ್ಟಪ್_ಸಿಎಫ್‌ಜಿ" 1 ಅಂತಲೇ ಬಿಟ್ಟಿದ್ದರೆ ಹೀಗಾಗುತ್ತೆ. ಎನ್‌ವಿರಾಮ್‌ನಲ್ಲಿ (ಕರೆಂಟ್ ಹೋದರೂ ಉಳಿಯುವ ಮೆಮೊರಿ) ಕಾನ್ಫಿಗ್ ಹಾಗೇ ಇರುತ್ತೆ. ಆಗ "ರೈಟ್ ಮೆಮೊರಿ" ಕೊಟ್ಟರೆ ಮಾತ್ರ ನಿಜವಾಗಿಯೂ ಹೋಗುತ್ತೆ! ಮೊದಲು "ಕಾಪಿ ಸ್ಟಾರ್ಟಪ್ ರನ್ನಿಂಗ್", ನಿಂತ ವಿಲ್ಯಾನ್ ಇಂಟರ್‌ಫೇಸ್‌ಗಳಿಗೆ "ನೋ ಶಟ್", ಆಮೇಲೆ "ನೋ ಸಿಸ್ಟಮ್ ಇಗ್ನೋರ್ ಸ್ಟಾರ್ಟಪ್‌ಕಾನ್ಫಿಗ್ ಸ್ವಿಚ್ ಆಲ್", ಕೊನೆಗೆ ಉಳಿಸೋದು. ಈ ತೊಂದರೆಯೇ ಬೇಡ ಅಂದರೆ ಮೊದಲ ರೀಲೋಡ್‌ಗಿಂತ ಮುಂಚೆ "ಶೋ ರೋಮ್‌ವಾರ್" ಕೊಟ್ಟು ಆ ವೇರಿಯಬಲ್ ನೋಡಿಬಿಡಿ.

ವಿ-ಮಿಸ್‌ಮ್ಯಾಚ್‌ಗೆ: ಆ ಸದಸ್ಯ ಇನ್‌ಸ್ಟಾಲ್ ಮೋಡ್‌ನಲ್ಲಿದ್ದರೆ ಆಕ್ಟಿವ್ ಸ್ವಿಚ್‌ನಿಂದ "ಇನ್‌ಸ್ಟಾಲ್ ಆಟೋಅಪ್‌ಗ್ರೇಡ್" ಕೊಡಿ. ತನ್ನ ಪ್ಯಾಕೇಜ್‌ಗಳನ್ನು ಅದಕ್ಕೆ ಕೊಟ್ಟು ಅದನ್ನೊಂದನ್ನೇ ರೀಲೋಡ್ ಮಾಡುತ್ತೆ. ಅದು ಬಂಡಲ್‌ನಲ್ಲಿ ಎದ್ದಿದ್ದರೆ ಇದು ನಡೆಯಲ್ಲ. ಕನ್ಸೋಲ್ ಕೇಬಲನ್ನು ಆ ಸ್ವಿಚ್‌ಗೇ ಹಾಕಿ, 9600 ಬಾಡ್, ಪೆನ್‌ಡ್ರೈವ್‌ನ 17.12ರಿಂದ ಬೂಟ್ ಮಾಡಿ, ಬೂಟ್ ವೇರಿಯಬಲ್ ಸರಿಪಡಿಸಿ ಇನ್‌ಸ್ಟಾಲ್‌ಗೆ ತನ್ನಿ.

---

ಗೋಕುಲರೋಡ್_ನೆಟ್

ಕಮಿಟ್ ಕೊಡೋಕಿಂತ ಮೊದ್ಲ ಏನೇನು ನೋಡಬೇಕು ಅನ್ನೋದನ್ನ ಹೇಳಿಬಿಡ್ತೀನಿ. ಆಕ್ಟಿವೇಟ್ ಮಾಡೋಕಿಂತ ಮೊದ್ಲ ಈ ಔಟ್‌ಪುಟ್ ಎಲ್ಲಾ ಒಂದು ಫೈಲಿನ್ಯಾಗ ತಗೊಂಡಿಡ್ರಿ: "ಶೋ ಸ್ವಿಚ್", "ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್ ಸಮ್ಮರಿ", "ಶೋ ಈಥರ್‌ಚಾನೆಲ್ ಸಮ್ಮರಿ", "ಶೋ ಇಂಟರ್‌ಫೇಸ್ ಸ್ಟೇಟಸ್", "ಶೋ ಪವರ್ ಇನ್‌ಲೈನ್", "ಶೋ ಸ್ಪ್ಯಾನಿಂಗ್-ಟ್ರೀ ರೂಟ್", "ಶೋ ಸಿಡಿಪಿ ನೇಬರ್ಸ್", "ಶೋ ಮ್ಯಾಕ್ ಅಡ್ರೆಸ್-ಟೇಬಲ್ ಕೌಂಟ್". ಸ್ಟಾರ್ಟಪ್ ಕಾನ್ಫಿಗ್‌ನ ಒಂದು ಪ್ರತಿ ಫ್ಲ್ಯಾಶ್‌ನ್ಯಾಗೂ ಇರ್ಲಿ, ನಿಮ್ಮ ಲ್ಯಾಪ್‌ಟಾಪ್‌ನ್ಯಾಗೂ ಇರ್ಲಿ.

ಎದ್ದಮ್ಯಾಲೆ ಅವನ್ನ ಮತ್ತ ತಗೊಂಡು ಜೋಡಿಸಿ ನೋಡ್ರಿ. ಮೂರೂ "ರೆಡಿ" ಇರಬೇಕು. ಪೋರ್ಟ್ ಚಾನೆಲ್‌ನ್ಯಾಗ ಎರಡೂ ಕಾಲಿಗೆ "ಪಿ" ಇರಬೇಕು. ಒಂದರಾಗ ಸಣ್ಣ "ಎಸ್" (ತಡೆ ಹಿಡಿದೈತಿ ಅಂತ) ಇದ್ರ ಅರ್ಧ ಬ್ಯಾಂಡ್‌ವಿಡ್ತ್ ಮ್ಯಾಲ ಓಡಾಕತ್ತೈತಿ, ಅದು ಸೋಮವಾರ ಮಂದಿ ಬಂದಮ್ಯಾಲೇ ಗೊತ್ತಾಗ್ತೈತಿ. ಪಿಒಇ ತಗೊಳ್ಳೋ ಪೋರ್ಟ್‌ಗಳ ಲೆಕ್ಕ ಮೊದಲಿನಷ್ಟೇ ಐತಿಲ್ಲೋ ನೋಡ್ರಿ. ಫೋನ್ ಒಂದು ಎತ್ತಿ ಕರೆ ಮಾಡಿ ನೋಡ್ರಿ. ರೇಡಿಯಸ್ (ಲಾಗಿನ್ ಪರಿಶೀಲಿಸೋ ಸರ್ವರ್) ಇದ್ರ ಹೊಸದಾಗಿ ಒಬ್ಬರ ಲಾಗಿನ್ ನೋಡ್ರಿ, ಮೊದಲೇ ತೆರೆದಿದ್ದ ಸೆಷನ್ ನಂಬಬ್ಯಾಡ್ರಿ. ಎಲ್ಲಾ ಸರಿ ಐತಿ ಅಂದ್ರ "ಇನ್‌ಸ್ಟಾಲ್ ಕಮಿಟ್", ಸರಿ ಇಲ್ಲಾಂದ್ರ ಟೈಮರ್ ಕಾಯದ "ಇನ್‌ಸ್ಟಾಲ್ ರೋಲ್‌ಬ್ಯಾಕ್ ಟು ಕಮಿಟೆಡ್". 5 ಗಂಟೆಗೆ ಮರಳೋ ನಿರ್ಧಾರ ಆಗಿಬಿಡಬೇಕು, ಅರ್ಧ ತಾಸು ಅದಕ್ಕೂ ಬೇಕಾಗ್ತೈತಿ.

ಹಳೇ ಪ್ಯಾಕೇಜ್ ಅಳಿಸೋ "ರಿಮೂವ್ ಇನ್‌ಆಕ್ಟಿವ್" ಒಂದು ವಾರ ಬಿಟ್ಟು ಮಾಡ್ರಿ. 11 ಜಿಬಿಯಾಗ ಅವು ಕುಂತಿದ್ರ ನಿಮಗೇನೂ ತ್ರಾಸಿಲ್ಲ.